ಬಸ್ಸಿಗೆ ಕೊಸರಾಗಿ ಹೋದ ಕ್ಯಾಚರ್

ಆ ಬಸ್ಸು ನಮಗೆ ಬಿದ್ದದ್ದು ನಾಲ್ಕೂವರೆ ಸಾವಿರ ಡಾಲರ್, ನೂರಿಪ್ಪತ್ತು ಕ್ಯಾಪು ಮತ್ತು ಒಬ್ಬ ಮನುಷ್ಯ. ಡಾಲರ್ ಕೊಟ್ಟದ್ದು ಬಸ್ಸಿನ ಎಂಜಿನ್ ಅಷ್ಟಕ್ಕೆ ಬಾಳುತ್ತಿತ್ತೆಂದು. ಕ್ಯಾಪು ಕೊಟ್ಟದ್ದು ಅವು ನನ್ನ ಗ್ಯಾರೇಜಿನಲ್ಲಿ ಸುಮ್ಮನೆ ಬಿದ್ದಿದ್ದವೆಂದು. ಮನುಷ್ಯನನ್ನು ಯಾಕೆ ಕೊಟ್ಟೆ ಎಂದು ಹೇಳುವುದಕ್ಕೆ ಮಾತ್ರ ಇಷ್ಟು ಬರೆಯಬೇಕಾಗಿದೆ.

ಮೊನ್ನೆ ಅದೇ ಗ್ಯಾರೇಜು ಖಾಲಿ ಮಾಡುತ್ತಿದ್ದೆ. ಮಗಳು ಕಾಲೇಜಿಗೆ ಹೊರಟಿದ್ದಾಳೆ, ಅವಳ ಸಾಮಾನು ಇಡಲು ಜಾಗ ಬೇಕಿತ್ತು. ಒಂದು ಡಬ್ಬದ ತಳದಲ್ಲಿ ಹಳೆಯ ಚರ್ಮದ ಕೈಗವಸು ಸಿಕ್ಕಿತು. ಬೇಸ್‌ಬಾಲ್‌ನಲ್ಲಿ ಕ್ಯಾಚರ್ ಹಾಕಿಕೊಳ್ಳುವ ದಪ್ಪ, ದುಂಡನೆಯ ಗವಸು, ನೋಡಲು ಚಿಕ್ಕ ದಿಂಬಿನ ಹಾಗೆ. ಮೂಗಿನ ಹತ್ತಿರ ತಂದರೆ ಕುಸುಬೆ ಎಣ್ಣೆಯ ವಾಸನೆ. ಮೂರು ವರ್ಷ ಕಳೆದರೂ ಹೋಗಿಲ್ಲ. ಗವಸು ಹಿಡಿದು ಡಬ್ಬದ ಮೇಲೇ ಕುಳಿತುಬಿಟ್ಟೆ. ಎರಡು ಸಾವಿರದ ಐದರ ಆ ಬೇಸಿಗೆ ಪೂರ್ತಿ ಎದುರಿಗೆ ಬಂತು.

ನಾನು ಓದಿ ದೊಡ್ಡವನಾದವನಲ್ಲ. ನಮ್ಮವ್ವ ಹುಬ್ಬಳ್ಳಿ ಮಾರುಕಟ್ಟೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದಳು. ತಕ್ಕಡಿ ತೂಗಿ ಆದ ಮೇಲೆ ಗಿರಾಕಿ ಸೆರಗು ಹಿಡಿದು ಹಾಗೇ ನಿಂತಿರುತ್ತಾಳೆ, ಕೊಸರು ಬೀಳುವ ತನಕ. ಎರಡು ಮೆಣಸಿನಕಾಯಿಯೋ, ನಾಲ್ಕೆಸಳು ಕೊತ್ತಂಬರಿಯೋ. ಕೊಸರಿಗೆ ಲೆಕ್ಕವಿಲ್ಲ, ಅದನ್ನು ಬುಟ್ಟಿಯಲ್ಲಿ ಬಾಡುತ್ತಿರುವುದರಿಂದಲೇ ತೆಗೆದು ಕೊಡುವುದು. ಕಾಸಿನ ವ್ಯವಹಾರ ಮುರಿದುಬೀಳುವ ಹೊತ್ತಿಗೆ ಒಂದು ಕೊಸರು ಹೇಗೆ ಅದನ್ನು ಉಳಿಸುತ್ತದೆ ಎಂಬುದನ್ನು ನಾನು ಅಲ್ಲೇ ಕಲಿತೆ. ಆ ವಿದ್ಯೆಯ ಬಲದಿಂದಲೇ ಕಾರವಾರದ ಬಂದರಿನಲ್ಲಿ ಗುಮಾಸ್ತನಾದೆ, ಹಡಗಿನ ಕಂಪನಿಯೊಂದು ಲಾಸ್ ಏಂಜಲೀಸಿಗೆ ಕಳಿಸಿತು, ಐದು ವರ್ಷದ ಮೇಲೆ ಸ್ಯಾನ್ ಪೀಡ್ರೊದಲ್ಲಿ ನನ್ನದೇ ಒಂದು ಚಿಕ್ಕ ಆಫೀಸು ತೆರೆದೆ. ಬಂದರಿಗೆ ಬಂದ ಕಂಟೇನರು ಬಿಡಿಸಿಕೊಡುವ ಕೆಲಸ. ಅಕ್ಕಿ, ಬೇಳೆ, ಬಟ್ಟೆ, ಸ್ಟೀಲ್ ಪಾತ್ರೆ, ಯಾವುದಾದರೂ ಸರಿ. ಮನೆ ಮಾತ್ರ ಸ್ಯಾನ್ ಡಿಯೇಗೊದ ಮೀರಾ ಮೆಸಾದಲ್ಲಿ. ವಾರಕ್ಕೆ ಮೂರು ದಿನ ಎರಡು ಗಂಟೆ ಡ್ರೈವ್ ಮಾಡಿ ಹೋಗಿಬರುತ್ತಿದ್ದೆ.

ವಾಲ್ಟ್ ಪರಿಚಯವಾದದ್ದು ಕ್ಯಾಪಿನ ಕಂಟೇನರಿನಿಂದ. ಅರವತ್ತಾರು ವರ್ಷದ ಮನುಷ್ಯ, ಜೀವಮಾನವೆಲ್ಲ ಕಾರ್ಪೆಟ್ ಅಂಗಡಿ ನಡೆಸಿ, ಅಂಗಡಿ ಮಾರಿ, ಬಂದ ದುಡ್ಡಿನಲ್ಲಿ ಒಂದು ಬೇಸ್‌ಬಾಲ್ ತಂಡ ಕಟ್ಟಿದ್ದ. ಟಿವಿಯಲ್ಲಿ ಬರುವ ದೊಡ್ಡ ತಂಡ ಅಂದುಕೊಳ್ಳಬೇಡಿ. ದೊಡ್ಡವರು ಕೈಬಿಟ್ಟವರು, ಇನ್ನೂ ಕೈಹಿಡಿಯದವರು ಸೇರಿ ಸಂಬಳಕ್ಕೆ ಆಡುವ ಸಣ್ಣ ಲೀಗುಗಳಿರುತ್ತವೆ, ಅಂಥದ್ದೊಂದು. ಲೀಗಿನಲ್ಲಿ ಏಳು ತಂಡಗಳಿದ್ದವು. ಏಳೆಂದರೆ ಯಾವಾಗಲೂ ಒಂದು ತಂಡ ಜೋಡಿಯಿಲ್ಲದೆ ಸುಮ್ಮನೆ ಕೂರಬೇಕು. ಹಾಗಾಗಿ ಎಂಟನೆಯದನ್ನು ಹುಡುಕುತ್ತಿದ್ದರು, ವಾಲ್ಟ್ ಸಿಕ್ಕಿದ. ತಂಡದ ಹೆಸರು ಹೆರನ್ಸ್, ಅಂದರೆ ಕೊಕ್ಕರೆಗಳು. ಮೀರಾ ಮೆಸಾಕ್ಕೂ ಕಾರ್ಲ್ಸ್‌ಬಾಡ್‌ಗೂ ನಡುವೆ ಒಂದು ಹಳೆಯ ಮೈದಾನ, ಮರದ ಗ್ಯಾಲರಿ, ಬಣ್ಣ ಹೋದ ಸ್ಕೋರ್‌ಬೋರ್ಡು.

ಹೊಸ ತಂಡಕ್ಕೆ ಆಟಗಾರರು ಬರುವುದು ಎಲ್ಲಿಂದ? ಅದಕ್ಕೊಂದು ಪದ್ಧತಿಯಿದೆ. ಹಳೆಯ ತಂಡಗಳು ಒಂದೊಂದೂ ತಾವು ಬಿಟ್ಟುಕೊಡದ ಆಟಗಾರರ ಹೆಸರು ಬರೆದುಕೊಡುತ್ತವೆ. ಪಟ್ಟಿಯಲ್ಲಿ ಇಲ್ಲದವರೊಳಗಿನಿಂದ ಹೊಸಬ ಆರಿಸಿಕೊಳ್ಳಬೇಕು. ವಾಲ್ಟ್ ಇದನ್ನು ವಿವರಿಸಿದಾಗ ನಾನು, “ಸಂಜೆಯ ಮಾರುಕಟ್ಟೆ ಅನ್ನಿ. ಒಳ್ಳೇದೆಲ್ಲ ಹೋದ ಮೇಲೆ ಉಳಿದ ಬುಟ್ಟಿ” ಅಂದೆ.

“ಉಳಿದ ಬುಟ್ಟೀಲೂ ಒಳ್ಳೇದು ಇರುತ್ತೆ, ಶಿವ. ಕೈಹಾಕಿ ಹುಡುಕಬೇಕು ಅಷ್ಟೆ” ಅಂದ ವಾಲ್ಟ್. ನಮ್ಮವ್ವನ ಮಾತೇ. ಆ ಕ್ಷಣದಿಂದ ಮುದುಕ ನನಗೆ ಹಿಡಿಸಿಬಿಟ್ಟ.

ತಂಡಕ್ಕೆಂದು ತರಿಸಿದ ಕ್ಯಾಪುಗಳನ್ನು ಬಿಡಿಸಿಕೊಡುವ ದರದಲ್ಲಿ ನಾನು ಅವನನ್ನು ಹಿಂಡಿದ ರೀತಿ ಅವನಿಗೂ ಹಿಡಿಸಿರಬೇಕು. “ಇನ್ನು ಮೇಲೆ ನನ್ನ ಪರವಾಗಿ ಚೌಕಾಸಿ ಮಾಡು” ಅಂದ. ಹುಲ್ಲು ಕತ್ತರಿಸುವವನು, ಸ್ಪೀಕರ್ ಬಾಡಿಗೆಯವನು, ಟಿಕೆಟ್ ಪ್ರಿಂಟಿನವನು, ಎಲ್ಲರ ಜೊತೆ ಮಾತಾಡಲು ನಾನೇ. ಬದಲಿಗೆ ಮೈದಾನದ ಬಾಗಿಲಲ್ಲಿ ಒಂದು ಸ್ಟಾಲು. ನನ್ನ ಹೆಂಡತಿ ಗಿರಿಜಾ ಅಲ್ಲಿ ಬೆಳ್ಳುಳ್ಳಿ, ಕೆಂಪುಖಾರ ಹಚ್ಚಿ ಹುರಿದ ಶೇಂಗಾ ಕಾಗದದ ಸುರುಳಿಯಲ್ಲಿ ಮಾರಿದಳು. ಬೇಸ್‌ಬಾಲ್ ನೋಡುತ್ತ ಶೇಂಗಾ ತಿನ್ನುವುದು ಇವರ ಹಳೆಯ ಚಾಳಿ, ಆದರೆ ಖಾರದ ಶೇಂಗಾ ಯಾರೂ ಕಂಡಿರಲಿಲ್ಲ. ಮೊದಲ ವಾರ ಕೆಮ್ಮಿದರು, ಎರಡನೆಯ ವಾರ ಸಾಲುನಿಂತರು.

ಇಂಥ ತಂಡಗಳಲ್ಲಿ ಇನ್ನೊಂದು ಪದ್ಧತಿಯಿದೆ. ಆಟಗಾರರ ಸಂಬಳ ಬಾಡಿಗೆಗೆ ಸಾಲದು. ಆದ್ದರಿಂದ ಊರಿನ ಮನೆಗಳವರು ಒಬ್ಬೊಬ್ಬರನ್ನು ಸೀಸನ್ ಮುಗಿಯುವ ತನಕ ಇಟ್ಟುಕೊಳ್ಳುತ್ತಾರೆ. ವಾಲ್ಟ್ ಕೇಳಿದಾಗ ನಾನು ಹಿಂದೆಮುಂದೆ ನೋಡಿದೆ. ಗಿರಿಜಾ ನೋಡಲಿಲ್ಲ.

“ಒಂದ್ ಖೋಲಿ ಖಾಲಿ ಬಿದ್ದೈತಿ. ಅಂವ ಅಲ್ಲಿ ಮಲಗಿದ್ರ ನಮ್ಮ ಗಂಟೇನು ಹೋಗತೈತ್ರಿ?”

ಹೀಗೆ ಮೇ ತಿಂಗಳಲ್ಲಿ ಮನೆಗೆ ಬಂದವನು ರೂಬೆನ್. ಮೂವತ್ತಮೂರು ವರ್ಷ. ಪೂರ್ವಕ್ಕೆ ಎರಡು ಗಂಟೆ ದೂರದ ಕಲೆಕ್ಸಿಕೊದವನು. ಸೊಪ್ಪಿನ ಹೊಲಗಳ ಸುಡುಬಿಸಿಲಿನ ಊರು, ಮೆಕ್ಸಿಕೊ ಗಡಿಗೆ ಅಂಟಿಕೊಂಡೇ ಇದೆ. ತಂದೆತಾಯಿ ಹೊಲದಲ್ಲಿ ಲೆಟಿಸ್ ಕೊಯ್ದವರು. ಹೆಂಡತಿ ಮತ್ತು ಆರು ವರ್ಷದ ಮಗಳು ಆ ಊರಿನಲ್ಲೇ. ಹದಿಮೂರು ವರ್ಷದಲ್ಲಿ ಹನ್ನೊಂದು ತಂಡಗಳಿಗೆ ಆಡಿದ್ದ. ಅವನ ಕೆಲಸ ಕ್ಯಾಚರ್. ನಮ್ಮ ಕ್ರಿಕೆಟ್ಟಿನ ವಿಕೆಟ್ ಕೀಪರನ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾನೆ, ಆದರೆ ಅಧಿಕಾರ ಹೆಚ್ಚು. ಎಸೆಯುವವನಿಗೆ ಯಾವ ಚೆಂಡು, ಎಲ್ಲಿಗೆ ಎಂದು ತೊಡೆಯ ಸಂದಿನಲ್ಲಿ ಬೆರಳು ತೋರಿಸಿ ಹೇಳುವವನು ಅವನೇ. ಎದುರಿನ ಬ್ಯಾಟರ್ ಒಬ್ಬೊಬ್ಬನ ದೌರ್ಬಲ್ಯವೂ ಅವನ ತಲೆಯಲ್ಲಿರಬೇಕು.

ಬಂದ ದಿನವೇ ಗಿರಿಜಾ ಜೋಳದ ರೊಟ್ಟಿ ಬಡಿದಳು. ಆತ ನಿಂತು ನೋಡಿ, “ನಮ್ಮಜ್ಜಿ ಟೋರ್ಟಿಯಾ ಹೀಗೇ ತಟ್ಟುತ್ತಿದ್ದಳು” ಅಂದ. ಅಷ್ಟಾಗಿದ್ದೇ ತಡ, ಇವಳ ಪಾಲಿಗೆ ಅವನು ಮನೆಯವನಾಗಿಹೋದ. ಅವನಿಗೆ ‘ಸಾಕು’, ‘ಇನ್ನೊಂದು’ ಎಂಬ ಎರಡು ಮಾತು ಕಲಿಸಿದಳು. ಮೊದಲನೆಯದನ್ನು ಅವನು ಒಮ್ಮೆಯೂ ಬಳಸಲಿಲ್ಲ. ಹೊಸ ಗವಸು ಬಿರುಸಾಗಿದೆ, ಎಣ್ಣೆ ಬೇಕು ಅಂದಾಗ ಅಡಿಗೆಮನೆಯಿಂದ ಕುಸುಬೆ ಎಣ್ಣೆಯ ಬಾಟಲಿ ತಂದುಕೊಟ್ಟಳು. ದಿನಾ ಬೆಳಿಗ್ಗೆ ಹಿತ್ತಲಲ್ಲಿ ಕುಳಿತು ಗವಸಿಗೆ ಎಣ್ಣೆ ಹಚ್ಚುತ್ತಿದ್ದ, ಕೂಸಿಗೆ ಹಚ್ಚಿದ ಹಾಗೆ. ಹದಿನೈದು ವರ್ಷದ ನನ್ನ ಮಗಳು ಸ್ನೇಹಾ ಪಕ್ಕದಲ್ಲಿ ಕುಳಿತು ಆಟದ ಗುಟ್ಟೆಲ್ಲ ಕೇಳುತ್ತಿದ್ದಳು. ನಾವು ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ‘ಕಮಿಂಗ್’ ಅನ್ನುತ್ತಿದ್ದಳು, ಬರುತ್ತಿರಲಿಲ್ಲ.

ಆ ಜೂನಿನಲ್ಲಿ ಸಮುದ್ರದ ಮಬ್ಬು ಮಧ್ಯಾಹ್ನದ ತನಕ ಕರಗುತ್ತಿರಲಿಲ್ಲ. ಮೈದಾನ ಒದ್ದೆ, ಚೆಂಡು ಒದ್ದೆ, ಕೊಕ್ಕರೆಗಳು ಮೊದಲ ಹದಿನಾಲ್ಕು ಆಟಗಳಲ್ಲಿ ಹನ್ನೊಂದು ಸೋತವು. ಕನ್ನಡದ ಮನೆಗಳವರನ್ನು ಒಂದು ಭಾನುವಾರ ಪುಸಲಾಯಿಸಿ ಕರೆತಂದೆ. ಬೆಂಗಳೂರಿನ ಟೆಲಿಕಾಂ ಎಂಜಿನಿಯರ್ ಒಬ್ಬರು ಅರ್ಧ ಆಟ ನೋಡಿ, “ಶಿವಾನಂದ್ ಅವ್ರೇ, ಬ್ಯಾಟ್ ಹಿಡ್ಕೊಂಡ್ ಬರ್ತಾರೆ, ಬ್ಯಾಟ್ ಬಿಸಾಕಿ ಹೋಗ್ತಾರೆ. ನಡುವೆ ಏನೂ ಆಗಲ್ವಲ್ರೀ?” ಅಂದರು. ಶೇಂಗಾ ಮಾತ್ರ ನಾಲ್ಕು ಸುರುಳಿ ತೆಗೆದುಕೊಂಡರು.

ಆದರೆ ಏನೋ ಆಗುತ್ತಿತ್ತು. ನಮ್ಮ ಎಸೆಗಾರರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗರು, ಎರಡು ಹೊಡೆತ ತಿಂದರೆ ಕೈ ನಡುಗುವವರು. ಆಗ ರೂಬೆನ್ ನಿಧಾನ ಎದ್ದು, ಮುಖವಾಡ ತಲೆಮೇಲೆ ಸರಿಸಿ, ಎಸೆಗಾರನ ಹತ್ತಿರ ನಡೆದುಹೋಗಿ ಎರಡು ಮಾತಾಡಿ ಬರುತ್ತಿದ್ದ. ಏನು ಹೇಳುತ್ತೀಯಾ ಎಂದು ಕೇಳಿದೆ. “ಆಟ ಮುಗಿದ ಮೇಲೆ ಏನು ತಿನ್ನೋಣ ಅಂತ ಕೇಳ್ತೀನಿ” ಅಂದ. ಜುಲೈ ಹೊತ್ತಿಗೆ ಮಬ್ಬು ಹರಿಯಿತು, ಹುಡುಗರ ಕೈಯ ನಡುಕ ನಿಂತಿತು, ನಾವು ಗೆಲ್ಲತೊಡಗಿದೆವು.

ಆಗಲೇ ಬಾಡಿಗೆಯ ಬಸ್ಸು ಮರುಭೂಮಿಯ ಏರಿನಲ್ಲಿ ಕುದಿದು ನಿಂತದ್ದು. ನೂರೆಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ ಹುಡುಗರು ನಾಲ್ಕು ಗಂಟೆ ರಸ್ತೆ ಪಕ್ಕ ಕುಳಿತರು, ಆಟ ತಪ್ಪಿತು. ಇನ್ನೊಮ್ಮೆ ತಪ್ಪಿದರೆ ತಂಡವನ್ನೇ ಹೊರಗೆ ಹಾಕುತ್ತೇವೆ ಎಂದು ಲೀಗಿನವರು ಪತ್ರ ಕಳಿಸಿದರು.

ಲಾಸ್ ಏಂಜಲೀಸಿನ ಬಂದರಿನ ಕಡೆಯ ತಂಡದವರು ಹೊಸ ಬಸ್ಸು ಕೊಂಡು ಹಳೆಯದನ್ನು ಮಾರಲಿಟ್ಟಿದ್ದರು. ನನ್ನ ಆಫೀಸಿನಿಂದ ಹತ್ತು ನಿಮಿಷ. ನಾನೂ ವಾಲ್ಟೂ ಹೋದೆವು. ತಂಡದ ಮ್ಯಾನೇಜರ್ ಡೊನ್ನಾ, ಬಂದರಿನ ಗೋದಾಮುಗಳಲ್ಲಿ ಇಪ್ಪತ್ತು ವರ್ಷ ದುಡಿದ ಹೆಂಗಸು. ಆರು ಸಾವಿರದಿಂದ ಶುರುಮಾಡಿದಳು. ಟೈರು ತೋರಿಸಿದೆ, ಐದೂವರೆಗೆ ಬಂದಳು. ಸೀಟಿನ ಹರಕು ತೋರಿಸಿದೆ, ಐದು. ಅಲ್ಲಿ ಕಲ್ಲಿನ ಹಾಗೆ ನಿಂತಳು. ವಾಲ್ಟ್ ಬಳಿ ನಾಲ್ಕೂವರೆಯ ಮೇಲೆ ಒಂದು ಕಾಸಿರಲಿಲ್ಲ. ಗ್ಯಾರೇಜಿನಲ್ಲಿ ಮಿಕ್ಕಿದ್ದ ನೂರಿಪ್ಪತ್ತು ಕ್ಯಾಪು ಸೇರಿಸಿದೆ. ಕದಲಲಿಲ್ಲ.

ವಾಲ್ಟನ್ನು ಪಕ್ಕಕ್ಕೆ ಕರೆದು, “ಕೊಡೋಕೆ ಇನ್ನೇನಿದೆ ನಿಮ್ಮ ಹತ್ರ?” ಅಂದೆ.

“ಬೇಸ್‌ಬಾಲ್‌ನಲ್ಲಿ ಒಂದು ರೂಢಿ ಇದೆ. ಮುಂದೆ ಹೆಸರು ಹೇಳೋ ಆಟಗಾರ ಅಂತ. ಇವತ್ತು ಒಬ್ಬ ಆಟಗಾರನನ್ನ ಕೊಡ್ತೀವಿ ಅಂತ ಬರ್ಕೊಡೋದು, ಯಾರು ಅನ್ನೋದನ್ನ ಅವರು ಮೂರು ವಾರದೊಳಗೆ ಹೇಳ್ತಾರೆ. ಐದು ಜನರನ್ನ ನಾವು ಹಿಡ್ಕೋಬಹುದು, ಉಳಿದವರಲ್ಲಿ ಒಬ್ಬ. ಸಾಮಾನ್ಯವಾಗಿ ಯಾರೂ ಲೆಕ್ಕಕ್ಕಿಡದ ಒಬ್ಬನ್ನ ತಗೊಂಡು ಹೋಗ್ತಾರೆ.”

ಕೊಸರು! ಅಮೆರಿಕದಲ್ಲೂ ಕೊಸರು ಇದೆ ಎಂದು ತಿಳಿದು ನನಗಾದ ಸಂತೋಷ ಹೇಳತೀರದು. ತಿರುಗಿ ಹೋಗಿ ಡೊನ್ನಾಗೆ ಹೇಳಿದೆ. ಅವಳು ಉಸಿರೂ ಎಳೆದುಕೊಳ್ಳದೆ “ಆಯ್ತು” ಅಂದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಅರ್ಧ ಗಂಟೆ ಐನೂರು ಡಾಲರಿಗೆ ಜಗ್ಗಾಡಿದವಳು ಒಂದು ಮಾತಿಗೆ ಒಪ್ಪಿದಳೆಂದರೆ ನಾನು ಹೆಚ್ಚು ಕೊಟ್ಟೆ ಎಂದೇ ಅರ್ಥ. ಆದರೆ ಬಸ್ಸಿನ ಕೀಲಿ ಕೈಯಲ್ಲಿತ್ತು. ದಾರಿಯುದ್ದಕ್ಕೂ ಹಾರ್ನ್ ಬಾರಿಸಿಕೊಂಡು ಬಂದೆವು.

ಐದು ಹೆಸರಿನ ಪಟ್ಟಿ ಬರೆದದ್ದು ನನ್ನ ಮನೆಯ ಊಟದ ಮೇಜಿನ ಮೇಲೆ. ವಾಲ್ಟ್ ಪೆನ್ನು ನನಗೇ ಕೊಟ್ಟ. “ನೀನು ವ್ಯಾಪಾರಿ, ನೀನು ಹೇಳು.” ನಾನು ವ್ಯಾಪಾರಿಯ ಹಾಗೆಯೇ ಹೇಳಿದೆ: ಬೆಲೆ ಏರುವ ಸರಕನ್ನು ಹಿಡಿದುಕೊಳ್ಳಿ. ಮೂವರು ಹುಡುಗ ಎಸೆಗಾರರು, ಇಪ್ಪತ್ತೊಂದು ವರ್ಷದ ಟೈಲರ್ ಎಂಬ ಬ್ಯಾಟರ್, ಒಬ್ಬ ಚುರುಕು ಓಟಗಾರ. ನಾಳೆ ದೊಡ್ಡ ತಂಡದವರು ದುಡ್ಡು ಕೊಟ್ಟು ಕೊಳ್ಳಬಹುದಾದವರು. ಸ್ನೇಹಾ ನೀರು ಕುಡಿಯಲು ಬಂದವಳು ಬಗ್ಗಿ ನೋಡಿದಳು.

“ಡ್ಯಾಡ್, ವೇರ್ ಈಸ್ ರೂಬೆನ್?”

“ಮೂವತ್ಮೂರು ವರ್ಷದಾಂವನ್ನ ಯಾರ್ ಕೇಳ್ತಾರವಾ? ಅವಂಗ ಏನೂ ಆಗೂದಿಲ್ಲ, ಹೋಗು.”

ಕಿಟಕಿಯಾಚೆ ಹಿತ್ತಲಲ್ಲಿ ಅವನು ಗವಸಿಗೆ ಎಣ್ಣೆ ಹಚ್ಚುತ್ತಿದ್ದ.

ಆ ಹೊತ್ತಿಗೆ ಅವನಿಗೊಂದು ಆಸೆ ಹುಟ್ಟಿತ್ತು. ಕಾರ್ಲ್ಸ್‌ಬಾಡ್ ಬಳಿಯ ಒಂದು ಕಾಲೇಜಿನ ತಂಡಕ್ಕೆ ಹುಡುಗರಿಗೆ ಕ್ಯಾಚಿಂಗ್ ಕಲಿಸುವ ಸಹಾಯಕ ಕೋಚ್ ಬೇಕಾಗಿದ್ದ. ಅಲ್ಲಿನ ಕೋಚ್ ಆಗಸ್ಟ್ ಕೊನೆಯ ವಾರ ಮೈದಾನಕ್ಕೆ ಬಂದು ರೂಬೆನ್ ಆಡುವುದನ್ನು ನೋಡುತ್ತೇನೆ ಎಂದಿದ್ದರು. ತಿಂಗಳ ಸಂಬಳ, ವಿಮೆ, ವರ್ಷವಿಡೀ ಒಂದೇ ಊರು. ಹೆಂಡತಿ ಮಗಳನ್ನು ಕರೆತರಬಹುದು. ಊಟಕ್ಕೆ ಕುಳಿತಾಗೆಲ್ಲ ಗಿರಿಜಾಳನ್ನು ಕೇಳುತ್ತಿದ್ದ: ಮೀರಾ ಮೆಸಾದಲ್ಲಿ ಎರಡು ಕೋಣೆ ಬಾಡಿಗೆ ಎಷ್ಟು, ಶಾಲೆ ಹೇಗೆ. ಅವಳು ಪೇಪರಿನಿಂದ ಬಾಡಿಗೆಮನೆಯ ಚೀಟಿಗಳನ್ನು ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸುತ್ತಿದ್ದಳು.

ಆಗಸ್ಟ್ ಮೊದಲ ವಾರ ಕೊನೆಯ ಸುತ್ತಿಗೆ ಹೋಗುವ ನಾಲ್ಕು ತಂಡಗಳಲ್ಲಿ ಉಳಿದಿದ್ದ ಒಂದೇ ಜಾಗಕ್ಕೆ ನಾವೂ ಬಂದರಿನ ತಂಡವೂ ಸೆಣಸುತ್ತಿದ್ದೆವು. ಆ ಮಂಗಳವಾರ ಡೊನ್ನಾ ಹೆಸರು ಹೇಳಿದಳು. ರೂಬೆನ್.

ಅವಳಿಗೆ ಅವನು ಬೇಕಾಗಿರಲಿಲ್ಲ. ಇಪ್ಪತ್ತನಾಲ್ಕರ ಒಳ್ಳೆಯ ಕ್ಯಾಚರ್ ಅವಳ ಬಳಿ ಇದ್ದ. ನಮ್ಮ ಬಳಿ ಅವನು ಇರಬಾರದಿತ್ತು, ಅಷ್ಟೆ. ರೂಬೆನ್ ಅಲ್ಲಿ ಬೆಂಚಿನ ಮೇಲೆ ಕೂರುತ್ತಾನೆ. ಕಾಲೇಜಿನ ಕೋಚ್ ಬಂದಾಗ ನೋಡಲು ಏನಿರುತ್ತದೆ?

ಗಿರಿಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಉಣ್ಣಾಕ ಕುಂತ ಮನಷ್ಯಾನ್ನ ತಕ್ಕಡ್ಯಾಗ ಹಾಕಿದ್ರೇನ್ರಿ?”

“ನನಗೇನ್ ಗೊತ್ತಿತ್ತು? ಯಾಂವರ ಒಬ್ಬ ಹೋಗ್ತಾನ ಅಂದ್ಕೊಂಡಿದ್ದೆ.”

“ಯಾಂವರ ಅಂದ್ರ? ಅಂವಗೂ ಯಾರರ ರೊಟ್ಟಿ ಬಡದ್ ಹಾಕ್ತಿರ್ತಾರಲ್ರಿ.”

ಎದ್ದು ಅವನ ಕೋಣೆಗೆ ಹೋದೆ. ರೂಬೆನ್ ಬಟ್ಟೆ ಮಡಚುತ್ತಿದ್ದ. ಹನ್ನೊಂದು ತಂಡಗಳ ಅಭ್ಯಾಸ, ಚೀಲ ಐದೇ ನಿಮಿಷದ ಕೆಲಸ.

“ಆ ಪಟ್ಟಿ ಬರೆದವನು ನಾನು” ಅಂದೆ.

“ಗೊತ್ತು. ಕಿಟಕಿ ತೆರೆದಿತ್ತು.” ಅವನು ತಲೆಯೆತ್ತಲಿಲ್ಲ. “ನಾನಾಗಿದ್ರೂ ಅದೇ ಐದು ಹೆಸರು ಬರೀತಿದ್ದೆ, ಶಿವ. ನನ್ನ ಹೆಸರು ಯಾರೂ ಬರೆಯಲ್ಲ. ಹಾಗೇ ಅಲ್ವಾ ನಾನು ನಿಮ್ಮ ತಂಡಕ್ಕೆ ಬಂದಿದ್ದು?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವನು ಹೋದ ಮೇಲೆ ಮೂರು ವಾರ ನಮ್ಮ ಹುಡುಗರು ಮತ್ತೆ ನಡುಗುತ್ತಲೇ ಆಡಿದರು. ಆದರೂ ಹೇಗೋ ಜೋತುಬಿದ್ದಿದ್ದೆವು. ಕೊನೆಯ ಮೂರು ಆಟ ನಮ್ಮ ಮೈದಾನದಲ್ಲೇ, ಬಂದರಿನ ತಂಡದ ವಿರುದ್ಧವೇ. ಎರಡು ಗೆದ್ದವರು ಉಳಿಯುತ್ತಾರೆ. ಕೋಚ್ ಬರುವುದೂ ಅದೇ ಭಾನುವಾರ.

ಆ ಬುಧವಾರ ನಾನು ಡೊನ್ನಾಳ ಆಫೀಸಿಗೆ ಒಬ್ಬನೇ ಹೋದೆ. ಅವನನ್ನು ಹಿಂದಕ್ಕೆ ಕೊಡಿ ಅಂದೆ. ಬದಲಿಗೆ ನನ್ನ ವ್ಯಾನು ಕೊಡುತ್ತೇನೆ ಅಂದೆ. ಮುಂದಿನ ವರ್ಷ ನಿಮ್ಮ ಕಂಟೇನರುಗಳನ್ನೆಲ್ಲ ನನ್ನ ಕೂಲಿಯಿಲ್ಲದೆ ಬಿಡಿಸುತ್ತೇನೆ ಅಂದೆ.

“ನೀವು ನನ್ನ ಜಾಗದಲ್ಲಿದ್ರೆ ವಾಪಸ್ ಕೊಡ್ತಿದ್ರಾ?” ಅಂದಳು.

ಸುಳ್ಳು ಹೇಳಲು ಬಾಯಿ ತೆರೆದೆ. “ಇಲ್ಲ” ಅಂದೆ.

“ಮತ್ತೆ?” ಅವಳಿಗೂ ಬೇಸರವಾದಂತಿತ್ತು. “ಒಳ್ಳೆ ಮನುಷ್ಯ ಅವನು. ನನ್ನ ಹುಡುಗರಿಗೆ ದಿನಾ ಏನಾದ್ರೂ ಹೇಳ್ಕೊಡ್ತಾನೆ. ಆದ್ರೆ ನನಗೂ ಒಂದು ತಂಡ ಇದೆ.”

ಹೊರಗೆ ಕ್ರೇನುಗಳು ಕಂಟೇನರು ಎತ್ತಿ ಇಳಿಸುತ್ತಿದ್ದವು. ಎದ್ದು ಬಾಗಿಲ ತನಕ ಹೋದೆ. ನನ್ನ ಕಡೆಯಿಂದ ಕೊಡಲು ಏನೂ ಉಳಿದಿರಲಿಲ್ಲ. ಆಗ ಹೊಳೆಯಿತು: ಕೊಡುವುದು ಇನ್ನೂ ಒಂದಿದೆ, ಆದರೆ ಅದು ನನ್ನದಲ್ಲ.

“ಡೊನ್ನಾ, ಬಂದರಿಗೆ ಬಂದ ಮಾಲನ್ನ ಬಿಡಿಸಿಕೊಳ್ಳದೆ ಇಟ್ಟರೆ ಏನಾಗುತ್ತೆ?”

“ದಿನಕ್ಕಿಷ್ಟು ಅಂತ ದಂಡ ಬೀಳುತ್ತೆ. ನನ್ನನ್ನೇ ಕೇಳ್ತೀರಾ?”

“ನೀವು ಅವನನ್ನ ತಂದು ಗೋದಾಮಿನಲ್ಲಿ ಇಟ್ಟಿದ್ದೀರಿ. ಮೂರು ತಿಂಗಳು ಅವನು ನಮ್ಮ ಹುಡುಗರ ಜೊತೆ ಆಡಿದಾನೆ. ಯಾರಿಗೆ ಯಾವ ಚೆಂಡು ಎಸೆದರೆ ಹೊಡೆಯೋಕಾಗಲ್ಲ ಅಂತ ಅವನಿಗೆ ಗೊತ್ತು, ನಿಮ್ಮ ಹುಡುಗನಿಗೆ ಗೊತ್ತಿಲ್ಲ. ಭಾನುವಾರ ಅವನನ್ನ ಆಡಿಸಿ. ನಮ್ಮನ್ನ ಸೋಲಿಸ್ತಾನೆ.”

ಅವಳು ಗೋಡೆಯ ಮೇಲಿನ ಆಟದ ಪಟ್ಟಿಯತ್ತ ತಿರುಗಿದಳು. ಈ ಸಲ ಕೂಡಲೇ ಒಪ್ಪಲಿಲ್ಲ. ಅದರಿಂದಲೇ ನನಗೆ ಧೈರ್ಯ ಬಂತು.

“ನಿಮಗೇನು ಇದರಲ್ಲಿ?”

“ಅವನು ಆಡಬೇಕು. ಅಷ್ಟೇ.”

ವಾಲ್ಟ್‌ಗೆ ಹೇಳದೆ ಇರಲಾಗಲಿಲ್ಲ. ಶನಿವಾರ ಬೆಳಿಗ್ಗೆ ಖಾಲಿ ಗ್ಯಾಲರಿಯಲ್ಲಿ ಅವನ ಪಕ್ಕ ಕುಳಿತು ಎಲ್ಲ ಒದರಿದೆ. ನಾವು ಶುಕ್ರವಾರದ ಆಟ ಸೋತು, ಉಳಿದೆರಡನ್ನೂ ಗೆಲ್ಲಬೇಕಾಗಿದ್ದ ದಿನ.

“ನೀನು ಯಾವ ಕಡೆ, ಶಿವ?”

“ಕ್ಯಾಪು ನಿಮ್ಮದೇ ಹಾಕ್ಕೊಂಡಿದ್ದೀನಿ, ವಾಲ್ಟ್.”

ಅವನು ಕಾಲಿನ ಕೆಳಗಿನ ಶೇಂಗಾ ಸಿಪ್ಪೆಯನ್ನು ಬೂಟಿನಿಂದ ಒಟ್ಟುಮಾಡುತ್ತ ಕುಳಿತ. ಮುದುಕನ ದುಡ್ಡೆಲ್ಲ ಆ ತಂಡದಲ್ಲಿತ್ತು. ಕೊನೆಗೆ ಅಂದ: “ಪೆನ್ನು ನಿನ್ನ ಕೈಲಿತ್ತು. ಆದರೆ ಸಹಿ ನನ್ನದು.” ಆ ದಿನ ಸಂಜೆಯ ಆಟ ನಾವು ಗೆದ್ದೆವು. ಎಲ್ಲ ಭಾನುವಾರಕ್ಕೆ ಬಂದು ನಿಂತಿತು.

ಭಾನುವಾರ ಮಧ್ಯಾಹ್ನ ಬಿಸಿಲು ಕಾದಿತ್ತು. ಒಳನಾಡಿನ ಒಣಗಾಳಿ ಬೀಸಿ ಗ್ಯಾಲರಿಯ ಹಲಗೆಗಳು ಚಿಟಿಚಿಟಿ ಅನ್ನುತ್ತಿದ್ದವು. ಗಿರಿಜಾ ಸ್ಟಾಲು ಮುಚ್ಚಿ ಬಂದು ಕುಳಿತಳು, ಪಕ್ಕದಲ್ಲಿ ಸ್ನೇಹಾ. ಎರಡು ಸಾಲು ಕೆಳಗೆ ಕಲೆಕ್ಸಿಕೊದಿಂದ ಬಂದ ರೂಬೆನ್‌ನ ಹೆಂಡತಿ, ಪುಟ್ಟ ಮಗಳು. ಬೇಲಿಯ ಹತ್ತಿರ ನೋಟುಬುಕ್ಕು ಹಿಡಿದ ಕಾಲೇಜಿನ ಕೋಚ್. ಬಂದರಿನ ತಂಡ ಮೈದಾನಕ್ಕೆ ಇಳಿಯಿತು. ಕ್ಯಾಚರ್‌ನ ಜಾಗದಲ್ಲಿ ಮುಖವಾಡ ಇಳಿಸಿ ಕುಕ್ಕರಿಸಿದವನ ಕೈಯ ಗವಸು ದೂರದಿಂದಲೂ ಗುರುತು ಸಿಕ್ಕಿತು. ಎಣ್ಣೆ ಕುಡಿದು ಕಪ್ಪಾಗಿತ್ತು.

“ಅಂವನ ಅದಾನ್ರಿ!” ಗಿರಿಜಾ ಎದ್ದುನಿಂತಳು.

ಅಂಥ ಆಟ ನಾನು ಮತ್ತೆ ನೋಡಿಲ್ಲ. ನಮ್ಮ ಹುಡುಗರು ಒಬ್ಬೊಬ್ಬರಾಗಿ ಬಂದರು. ರೂಬೆನ್ ಬೆರಳು ತೋರಿಸಿದ. ಒಬ್ಬೊಬ್ಬರಾಗಿ ಹೋದರು. ಅವರು ಬ್ಯಾಟು ಎತ್ತುವ ಮೊದಲೇ ಅವನು ಅವರ ಮನಸ್ಸಿನೊಳಗೆ ಕುಳಿತಿದ್ದ. ಅವರ ಎಸೆಗಾರ ಹೊಡೆತ ತಿಂದು ಕಂಗೆಟ್ಟಾಗ ನಿಧಾನ ಎದ್ದು, ಮುಖವಾಡ ಸರಿಸಿ, ಅವನ ಹತ್ತಿರ ನಡೆದ. ಕೋಚ್ ಬರೆದುಕೊಂಡರು.

ಕೊನೆಯ ಸರದಿ. ನಾವು ಒಂದು ರನ್ ಹಿಂದೆ. ಎರಡು ಔಟ್, ಇನ್ನೊಂದಾದರೆ ಆಟ ಮುಗಿಯಿತು. ಮೂರು ಬೇಸಿನಲ್ಲೂ ಓಡಲು ಸಿದ್ಧವಾಗಿ ನಿಂತ ನಮ್ಮವರು. ಬ್ಯಾಟು ಹಿಡಿದು ಬಂದವನು ಟೈಲರ್, ನಾನು ಪಟ್ಟಿಯಲ್ಲಿ ಮೊದಲು ಬರೆದ ಹೆಸರು. ಒಂದು ಹೊಡೆತ ಸಾಕು, ವಾಲ್ಟನ ತಂಡ ಉಳಿಯುತ್ತದೆ. ವಾಲ್ಟ್ ನನ್ನ ಪಕ್ಕ ಕಂಬಿ ಹಿಡಿದು ನಿಂತಿದ್ದ. ನನ್ನ ತಲೆಯ ಮೇಲೆ ಕೊಕ್ಕರೆಯ ಕ್ಯಾಪು. ಎದೆಯೊಳಗೆ ಏನಿತ್ತು ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ.

ಎರಡು ಚೆಂಡು ಟೈಲರ್‌ನ ಬ್ಯಾಟಿಗೆ ಸಿಗಲಿಲ್ಲ, ಮೂರನೆಯದೂ ತಪ್ಪಿದರೆ ಅವನು ಔಟ್. ಸ್ನೇಹಾ ನನ್ನ ತೋಳು ಹಿಡಿದಳು. ಹಿತ್ತಲಲ್ಲಿ ಕೇಳಿದ್ದೆಲ್ಲ ಅವಳಿಗೆ ನೆನಪಿತ್ತು. ಮೊದಲ ಸಲ ಕೇಳದೆಯೇ ಕನ್ನಡದಲ್ಲಿ ಅಂದಳು: “ಕೆಳಗೆ, ಹೊರಗೆ. ಅವ್ನಿಗೆ ಅದು ಬರೂದಿಲ್ಲ.” ರೂಬೆನ್ ಗವಸನ್ನು ಕೆಳಗೆ, ಹೊರಗೆ ಇಟ್ಟ. ಚೆಂಡು ಅಲ್ಲಿಗೇ ಬಂತು. ಟೈಲರ್ ಬೀಸಿದ. ಗಾಳಿ. ಗವಸಿನಲ್ಲಿ ಚೆಂಡು ಬಡಿದ ಸದ್ದು ಇಡೀ ಮೈದಾನಕ್ಕೆ ಕೇಳಿಸಿತು.

ನಮ್ಮ ಸೀಸನ್ ಮುಗಿಯಿತು. ಗಿರಿಜಾ ಚಪ್ಪಾಳೆ ತಟ್ಟುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತಿದ್ದಳು. ವಾಲ್ಟ್ ಕಂಬಿ ಬಿಟ್ಟು ಮೆಟ್ಟಿಲಿಳಿದು ಮೈದಾನಕ್ಕೆ ಹೋದ. ಮೊದಲು ಟೈಲರನ ಬೆನ್ನು ತಟ್ಟಿದ. ಆಮೇಲೆ ರೂಬೆನ್‌ನ ಕೈ ಕುಲುಕಿ ಬಹಳ ಹೊತ್ತು ಬಿಡಲಿಲ್ಲ.

ರೂಬೆನ್ ನಮ್ಮ ಸ್ಟಾಲಿನ ಬಳಿ ಬಂದಾಗ ಕೋಚ್ ಜೊತೆ ಮಾತು ಮುಗಿಸಿದ್ದ. ಮಗಳು ಹೆಗಲ ಮೇಲಿದ್ದಳು. ಗಿರಿಜಾ ಮುಚ್ಚಿಟ್ಟ ಬುಟ್ಟಿ ಬಿಚ್ಚಿ ಶೇಂಗಾ ಸುರುಳಿ ಕೊಟ್ಟಳು. ಅವನು ಮಗಳ ಕೈಗೆ ದಾಟಿಸಿ, ಮತ್ತೆ ಕೈಚಾಚಿ, “ಇನ್ನೊಂದು” ಅಂದ. ಆಮೇಲೆ ಗವಸು ಬಿಚ್ಚಿ ಸ್ನೇಹಾಳಿಗೆ ಕೊಟ್ಟ. “ಉಳಿದ ಆಟ ಡೊನ್ನಾಳ ಹುಡುಗ ಆಡ್ತಾನೆ, ನನಗಿನ್ನು ಬೇಕಾಗಲ್ಲ. ಇನ್ಮೇಲೆ ಗವಸು ಕಾಲೇಜಿನ ಹುಡುಗರ ಕೈಲಿರುತ್ತೆ, ನಾನು ಹೇಳ್ಕೊಡ್ತೀನಿ” ಅಂದ. ಕೆಲಸ ಸಿಕ್ಕಿತೆಂದು ತಿಳಿದದ್ದು ಹಾಗೆ.

ಫ್ರಿಜ್ಜಿನ ಮೇಲಿನ ಚೀಟಿಗಳಲ್ಲಿ ಒಂದು ಮನೆಗೇ ಅವರು ಬಂದರು. ಬಾಡಿಗೆ ಇಳಿಸಲು ನಾನೇ ಹೋಗಿದ್ದೆ. ಕೊಸರಾಗಿ ಒಂದು ವಾಷಿಂಗ್ ಮೆಷಿನ್ ಬಿಡಿಸಿಕೊಂಡೆ. ಕೊಕ್ಕರೆಗಳು ಇನ್ನೊಂದು ವರ್ಷ ಆಡಿ ನಿಂತುಹೋದವು. ಆ ಭಾನುವಾರ ಗೆದ್ದಿದ್ದರೆ ನಾಲ್ಕು ಜನ ಹೆಚ್ಚು ಬರುತ್ತಿದ್ದರು, ತಂಡ ಉಳಿಯುತ್ತಿತ್ತೋ ಏನೋ. ಅದನ್ನು ನಾನು ಯೋಚಿಸದೆ ಇಲ್ಲ. ವಾಲ್ಟ್ ಒಮ್ಮೆಯೂ ಹೇಳಲಿಲ್ಲ. ಈಗ ಆ ಮೈದಾನದಲ್ಲಿ ಕಾರುಗಳು ನಿಲ್ಲುತ್ತವೆ. ಬಸ್ಸು ಮಾತ್ರ ಒಂದು ಚರ್ಚಿನವರ ಬಳಿ ಇನ್ನೂ ಓಡುತ್ತಿದೆ. ಎಂಜಿನ್ ಬಗ್ಗೆ ನನ್ನ ಅಂದಾಜು ತಪ್ಪಿರಲಿಲ್ಲ.

ನೀವೂ ಏನಾದರೂ ಕೊಳ್ಳುತ್ತೀರಿ, ಮಾರುತ್ತೀರಿ. ಆದ್ದರಿಂದ ಅನುಭವದ ಮಾತು ಹೇಳುತ್ತೇನೆ, ಕೇಳಿ. ಬಸ್ಸು ಕೊಳ್ಳುವುದಾದರೆ ಏರಿನಲ್ಲಿ ಓಡಿಸಿ ನೋಡಿ, ಬಯಲಿನಲ್ಲಿ ಎಲ್ಲ ಬಸ್ಸೂ ಓಡುತ್ತದೆ. ಚರ್ಮಕ್ಕೆ ಕುಸುಬೆ ಎಣ್ಣೆ ಹಚ್ಚಿ, ಆದರೆ ತೆಳ್ಳಗೆ. ಎದುರಿನವರು ಉಸಿರೆಳೆಯದೆ ಒಪ್ಪಿಕೊಂಡರೆ ಅಲ್ಲೇ ನಿಲ್ಲಿಸಿ, ಒಂದು ಲೋಟ ನೀರು ಕೇಳಿ, ಕೊಟ್ಟದ್ದು ಏನೆಂದು ಇನ್ನೊಮ್ಮೆ ಓದಿ. ಕೊಸರು ಕೊಡಿ, ಧಾರಾಳವಾಗಿ ಕೊಡಿ. ಅದಿಲ್ಲದೆ ವ್ಯವಹಾರ ಮುಗಿಯುವುದಿಲ್ಲ. ಆದರೆ ಕೊಡುವ ಮೊದಲು ಅದರ ಹೆಸರು ಕೇಳಿ. ಹೆಸರು ಆಮೇಲೆ ಹೇಳುತ್ತೇವೆ ಎಂದರೆ ಪೆನ್ನು ಕೆಳಗಿಡಿ, ಮನೆಗೆ ಹೋಗಿ, ಊಟಕ್ಕೆ ಯಾರ್ಯಾರು ಕುಳಿತಿದ್ದಾರೆ ಎಂದು ಒಮ್ಮೆ ನೋಡಿ ಬನ್ನಿ.